ಕೆಟ್ಟೋದ್ರೆ ಯಾರು ದುಡ್ಡು ಕೊಡ್ತಾರೆ?

ಕಳೆದ ನವೆಂಬರ್‌ನಲ್ಲಿ ನಮ್ಮ ಶಾಪ್ ನೋಡಲು ಸರ್ಕಾರಿ ಹೈಸ್ಕೂಲಿನ ಮಕ್ಕಳು ಬಂದಿದ್ದರು. ಒಂಬತ್ತನೇ ಕ್ಲಾಸು, 22 ಜನ, ಜೊತೆಗೆ ಇಬ್ಬರು ಟೀಚರ್. ಪೀಣ್ಯದಲ್ಲಿ ನಾನು ಕೆಲಸ ಮಾಡುವುದು ಪ್ರೆಸ್ ಟೂಲ್ ಮಾಡುವ ಕಡೆ. ತಗಡನ್ನು ಕತ್ತರಿಸಿ, ಬಗ್ಗಿಸಿ ಬಿಡಿಭಾಗ ಮಾಡುತ್ತಾರಲ್ಲ, ಅದಕ್ಕೆ ಬೇಕಾದ ಪಂಚ್ ಮತ್ತು ಡೈಗಳನ್ನು ನಾವು ಮಾಡಿಕೊಡುತ್ತೇವೆ. ನಿಮ್ಮ ಮನೆಯ ಸ್ವಿಚ್ಚಿನೊಳಗಿರುವ ಹಿತ್ತಾಳೆ ಪಟ್ಟಿ ಕೂಡ ಇಂಥದ್ದೇ ಒಂದು ಡೈಯಲ್ಲಿ ಹುಟ್ಟಿರುತ್ತದೆ.

ಮಕ್ಕಳು ಎಲ್ಲವನ್ನೂ ಕಣ್ಣರಳಿಸಿ ನೋಡಿದರು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನಿನ ಗಾಜಿಗೆ ಮುಖ ಒತ್ತಿಕೊಂಡು, ತಣ್ಣಗಿಡುವ ಕೂಲಂಟ್ ದ್ರವ ಚಿಮ್ಮುವುದನ್ನು ನೋಡಿದರು. ಕಾಲು ಮಿಲ್ಲಿಮೀಟರ್ ದಪ್ಪದ ತಂತಿ ಗಟ್ಟಿ ಉಕ್ಕನ್ನು ಕೊಯ್ಯುತ್ತದೆ ಅಂದರೆ ಮೊದಲು ನಂಬಲಿಲ್ಲ, ಆಮೇಲೆ ವೈರ್ ಕಟ್ ಮಷೀನ್ ಬಿಟ್ಟು ಕದಲಲಿಲ್ಲ. ಕೊನೆಗೆ, ಏನಾದರೂ ಕೇಳುವುದಿದ್ದರೆ ಕೇಳಿ ಅಂದೆ. ಹುಡುಗರು ಸಂಬಳ ಎಷ್ಟು ಅಂತ ಕೇಳಿದರು. ಹಿಂದೆ ನಿಂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು.

"ಸಾರ್, ಕಲಿಯೋವಾಗ ಕೆಟ್ಟೋದ್ರೆ ಯಾರು ದುಡ್ಡು ಕೊಡ್ತಾರೆ?"

ಟೀಚರ್ ಅವಳನ್ನು ಸುಮ್ಮನಿರಿಸಲು ನೋಡಿದರು. ಇರಲಿ ಮೇಡಂ ಅಂದೆ. ಯಾಕಮ್ಮ ಹಾಗೆ ಕೇಳಿದೆ ಅಂದಾಗ ಹೇಳಿದಳು. ಅವಳ ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಹೊಸದಾಗಿ ಸೇರಿದಾಗ ಹೊಲಿಗೆ ಕೆಟ್ಟರೆ ಬೈಸಿಕೊಂಡು, ಅಳುತ್ತಾ ಮನೆಗೆ ಬರುತ್ತಿದ್ದರಂತೆ. ಬಟ್ಟೆಗೇ ಅಷ್ಟು ಅಂದಮೇಲೆ ಕಬ್ಬಿಣಕ್ಕೆ ಎಷ್ಟೋ ಅನ್ನುವುದು ಅವಳ ಭಯ.

"ಕಂಪನಿಯವರು ನೋಡ್ಕೋತಾರೆ ಕಣಮ್ಮ" ಅಂದೆ. ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅದು ಪೂರ್ತಿ ನಿಜವೂ ಅಲ್ಲ. ಶಾಲೆ ಮಕ್ಕಳಿಗೆ ಕೆಲಸದ ಜಾಗದಲ್ಲೇ ಕಲಿಸಬೇಕು ಅಂತ ಈಗ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಕಲಿತವನು, ಅದರಿಂದಲೇ ಬದುಕಿದವನು. ಆದರೆ ಆ ಹುಡುಗಿ ಕೇಳಿದ್ದಕ್ಕೆ ಸರಿಯಾದ ಉತ್ತರ ಇಲ್ಲದಿದ್ದರೆ ಈ ಯೋಜನೆಗಳೆಲ್ಲ ಹೆಸರಿಗಷ್ಟೇ ಉಳಿಯುತ್ತವೆ ಅಂತ ಆವತ್ತಿನಿಂದ ಅನ್ನಿಸುತ್ತಿದೆ.

ನಾನು ತುರುವೇಕೆರೆ ಕಡೆಯವನು. ಎಸ್‌ಎಸ್‌ಎಲ್‌ಸಿ ಮುಗಿಸಿದ್ದು 1994ರಲ್ಲಿ. ಅಪ್ಪನಿಗೆ ಸ್ವಲ್ಪ ತೆಂಗಿನ ತೋಟ ಇತ್ತು, ನೀರು ಇರಲಿಲ್ಲ. ಸೋದರಮಾವ ಬೆಂಗಳೂರಲ್ಲಿದ್ದರು. ಅವರೇ ನನ್ನನ್ನು ರಾಜಾಜಿನಗರದ ಜಿಟಿಟಿಸಿಗೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದರು. ಸರ್ಕಾರದ ಈ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದದ್ದು. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಗೆ ಎಸ್‌ಎಸ್‌ಎಲ್‌ಸಿ ಪಾಸಾದವರು ಸೇರಬಹುದು. 3 ವರ್ಷ ಕೇಂದ್ರದಲ್ಲಿ ಕಲಿಕೆ, ನಾಲ್ಕನೇ ವರ್ಷ ಕಡ್ಡಾಯವಾಗಿ ಕಾರ್ಖಾನೆಯಲ್ಲಿ. ಅದಕ್ಕೆ ಇನ್‌ಪ್ಲಾಂಟ್ ಅನ್ನುತ್ತಿದ್ದೆವು.

ಮೊದಲ ದಿನ ದೊಡ್ಡ ದೊಡ್ಡ ಮಷೀನು ಮುಟ್ಟುತ್ತೇನೆ ಅಂತ ಹೋಗಿದ್ದೆ. ಕೈಗೆ ಕೊಟ್ಟಿದ್ದು ಒಂದು ಫೈಲು, ಒಂದು ಕಬ್ಬಿಣದ ತುಂಡು. ಫೈಲು ಅಂದರೆ ನಮ್ಮೂರಲ್ಲಿ ಅರ ಅನ್ನುತ್ತಾರಲ್ಲ, ಅದೇ. ವೈಸ್‌ಗೆ ತುಂಡು ಕಚ್ಚಿಸಿ, ಒಂದು ಮುಖ ಸಪಾಟಾಗುವವರೆಗೂ ಉಜ್ಜುವುದು. ಆಮೇಲೆ ಪಕ್ಕದ ಮುಖ ಅದಕ್ಕೆ ಸರಿಯಾಗಿ 90 ಡಿಗ್ರಿ ಬರಬೇಕು. ಮೂಲೆ ನೇರ ನೋಡುವ ಟ್ರೈ ಸ್ಕ್ವೇರ್ ಇಟ್ಟು, ಬೆಳಕಿಗೆ ಹಿಡಿದು ನೋಡಬೇಕು. ಸಂದಿಯಲ್ಲಿ ಬೆಳಕು ತೂರಿದರೆ ಮತ್ತೆ ಉಜ್ಜು. ಎಷ್ಟೋ ವಾರ ಅದೇ ಕೆಲಸ. ಅಂಗೈ ಬೊಬ್ಬೆ ಒಡೆದು, ಗಟ್ಟಿಯಾಗಿ, ಮತ್ತೆ ಒಡೆಯಿತು. ನಾನೊಬ್ಬನೇ ಎಷ್ಟು ತುಂಡು ಕೆಡಿಸಿದೆನೋ ಲೆಕ್ಕವಿಲ್ಲ. ಯಾರೂ ಒಂದು ಮಾತು ಅನ್ನಲಿಲ್ಲ. ಕೆಟ್ಟದ್ದನ್ನು ಡಬ್ಬಿಗೆ ಹಾಕು, ಇನ್ನೊಂದು ತಗೋ, ಅಷ್ಟೇ. ಅದು ಎಷ್ಟು ದೊಡ್ಡ ಸೌಲಭ್ಯ ಅಂತ ಆಗ ಗೊತ್ತಾಗಲಿಲ್ಲ.

ನಾಲ್ಕನೇ ವರ್ಷ ಗೊತ್ತಾಯಿತು. ನನ್ನನ್ನು ಮೊದಲು ಕಳಿಸಿದ ಕಾರ್ಖಾನೆಯಲ್ಲಿ ನಾಲ್ಕು ತಿಂಗಳು ಇದ್ದೆ. ಅಷ್ಟೂ ದಿನ ತಗಡಿನ ಬಿಡಿಭಾಗಗಳ ಅಂಚಿನಲ್ಲಿ ಉಳಿಯುವ ಚೂಪು, ಅಂದರೆ ಬರ್, ಉಜ್ಜಿದೆ, ಎಣಿಸಿ ಪೆಟ್ಟಿಗೆಗೆ ತುಂಬಿದೆ, ಚೂರು ಗುಡಿಸಿದೆ. ಮಷೀನ್ ಹತ್ತಿರ ಹೋದರೆ, "ನೀನು ಕೆಡಿಸಿದ್ರೆ ಯಾರು ಕಟ್ಕೊಡ್ತಾರೆ? ಆ ಕಡೆ ಹೋಗು" ಅನ್ನುತ್ತಿದ್ದರು. ಅವರಿಗೆ ಬೇಕಾಗಿದ್ದು ಕಡಿಮೆ ದುಡ್ಡಿನ ಎರಡು ಕೈ. ತರಬೇತಿ ವರದಿಗೆ ಮಾತ್ರ ತಿಂಗಳು ತಿಂಗಳು ಸಹಿ ಬೀಳುತ್ತಿತ್ತು. ಕಾಗದದ ಮೇಲೆ ನಾನು ಕೆಲಸ ಕಲಿಯುತ್ತಿದ್ದೆ.

ಆ ಹುಡುಗಿಯ ಪ್ರಶ್ನೆ ನನ್ನನ್ನು ಯಾಕೆ ಅಷ್ಟು ತಾಗಿತು ಅಂದರೆ, ಅದನ್ನು ನಾನು ಇನ್ನೊಬ್ಬರ ಬಾಯಲ್ಲಿ ಆಗಲೇ ಕೇಳಿದ್ದೆ.

ನಮ್ಮ ತರಬೇತಿ ಅಧಿಕಾರಿ ಒಂದು ದಿನ ನೋಡಲು ಬಂದರು, ನನ್ನ ಕೈ ನೋಡಿದರು, ಏನೂ ಮಾತಾಡಲಿಲ್ಲ. ಮುಂದಿನ ವಾರವೇ ಪೀಣ್ಯದ ಇನ್ನೊಂದು ಶಾಪ್‌ಗೆ ಹಾಕಿಸಿದರು. ಸಣ್ಣ ಜಾಗ, 11 ಜನ. ಅಲ್ಲಿನ ಫೋರ್‌ಮನ್ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಕಲಿತು, ಅಲ್ಲೇ ವರ್ಷಗಟ್ಟಲೆ ಕೆಲಸ ಮಾಡಿ ಬಂದವರು. ಎಲ್ಲರೂ ಮೇಷ್ಟ್ರೇ ಅಂತಲೇ ಕರೆಯುತ್ತಿದ್ದರು. ಎರಡನೇ ವಾರಕ್ಕೆ ಒಂದು ಡೈ ಪ್ಲೇಟು ನನ್ನ ಕೈಗೆ ಕೊಟ್ಟರು. ಡಿ2 ಅನ್ನುವ ಉಕ್ಕು, ಬೆಲೆ ಜಾಸ್ತಿ. ಮಾರ್ಕಿಂಗ್ ಮಾಡಿ, ತೂತು ಹೊಡೆದು, ಒಳಗೆ ಸ್ಕ್ರೂ ಕೂರುವ ಹಾಗೆ ಟ್ಯಾಪ್ ಮಾಡಿ, ಉಕ್ಕು ಗಡಸಾಗಿಸುವ ಹಾರ್ಡನಿಂಗ್‌ಗೆ ಕಳಿಸಬೇಕು.

ಕಳಿಸಿದೆ. ಮೂರು ದಿನಕ್ಕೆ ವಾಪಸ್ ಬಂತು. ಮೇಷ್ಟ್ರು ಡ್ರಾಯಿಂಗ್ ಪಕ್ಕ ಇಟ್ಟುಕೊಂಡು ನೋಡಿದರು.

"ಎಷ್ಟು ತೂತು ಇರ್ಬೇಕಿತ್ತಪ್ಪಾ?"

"ಆರು ಮೇಷ್ಟ್ರೇ."

"ಎಷ್ಟವೆ?"

ಐದೇ ಇದ್ದವು. ಒಂದು ಸ್ಕ್ರೂ ತೂತು ಹೊಡೆಯಲು ಮರೆತಿದ್ದೆ. ಈ ಕೆಲಸ ಗೊತ್ತಿಲ್ಲದವರಿಗೆ ಇದೇನು ದೊಡ್ಡದು ಅನ್ನಿಸಬಹುದು. ಹಾರ್ಡನಿಂಗ್ ಆಗುವ ಮುಂಚೆ ಡಿ2 ಉಕ್ಕನ್ನು ಮಾಮೂಲಿ ಡ್ರಿಲ್‌ನಲ್ಲಿ ಕೊರೆಯಬಹುದು. ಕಾಯಿಸಿ ತಣಿಸಿದ ಮೇಲೆ ಅದು, ಗಡಸುತನ ಅಳೆಯುವ ಎಚ್‌ಆರ್‌ಸಿ ಲೆಕ್ಕದಲ್ಲಿ, 58ರಿಂದ 60ರಷ್ಟು ಗಡಸಾಗುತ್ತದೆ. ಡ್ರಿಲ್ ಬಿಟ್ ಅದರ ಮೇಲೆ ಕಿರುಚುತ್ತದೆ, ಒಳಗೆ ಇಳಿಯುವುದಿಲ್ಲ. ನನ್ನ ಕಾಲು ನಡುಗುತ್ತಿತ್ತು. ಊರಿಗೆ ವಾಪಸ್ ಹೋಗುವುದೇ ಸರಿ ಅಂತ ಬಸ್ಸಿನ ಟೈಮು ಯೋಚಿಸುತ್ತಿದ್ದೆ.

ಮೇಷ್ಟ್ರು ಬೈಯಲಿಲ್ಲ. ಆ ರಾತ್ರಿ ಮನೆಗೂ ಹೋಗಲಿಲ್ಲ. ತಾಮ್ರದ ಎಲೆಕ್ಟ್ರೋಡ್ ಮಾಡುವುದು ಹೇಗೆ ಅಂತ ತೋರಿಸಿಕೊಟ್ಟರು. ಇಡಿಎಂ ಮಷೀನಿನಲ್ಲಿ, ಕಿಡಿ ಹಾರಿಸಿ ಲೋಹ ಸುಡುತ್ತಾ, ನಿಧಾನಕ್ಕೆ ಒಂದು ದೊಡ್ಡ ತೂತು ಮಾಡಿದೆವು. ಅದಕ್ಕೆ ಮೆತ್ತನೆಯ ಕಬ್ಬಿಣದ ಪ್ಲಗ್ ಬಿಗಿಯಾಗಿ ಕೂರಿಸಿ, ಆ ಪ್ಲಗ್ಗಿನಲ್ಲಿ ಕೊರೆದು ಟ್ಯಾಪ್ ಮಾಡಿದೆವು. ಬೆಳಗ್ಗೆ ಓನರ್ ಬಂದಾಗ ಮೇಷ್ಟ್ರು ಅಂದಿದ್ದು ಇಷ್ಟು: "ಕಳಿಸೋ ಮುಂಚೆ ನಾನು ಚೆಕ್ ಮಾಡ್ಬೇಕಿತ್ತು ಸಾರ್, ಮಾಡ್ಲಿಲ್ಲ." ನನ್ನ ಹೆಸರೇ ಬರಲಿಲ್ಲ. ಆಮೇಲೆ ನನ್ನನ್ನು ಕರೆದು ಒಂದು ನೋಟ್‌ಬುಕ್ ಕೊಟ್ಟರು. ಹಾರ್ಡನಿಂಗ್‌ಗೆ ಹೋಗುವ ಪ್ರತಿ ಪ್ಲೇಟಿನ ತೂತು ಎಣಿಸಿ, ಬರೆದು, ಸಹಿ ಹಾಕು ಅಂದರು. ಈಗಲೂ ನಮ್ಮ ಶಾಪ್‌ನಲ್ಲಿ ಆ ಪುಸ್ತಕ ಇದೆ. ಅದೇ ರೀತಿಯದು, ಎಷ್ಟನೆಯದೋ.

ಡೈಯಲ್ಲಿ ತೂತು ಮರೆಯಬಾರದು ಅಂತ ಕ್ಲಾಸಿನಲ್ಲಿ ಹೇಳಿದ್ದರು. ನಾನು ಬರೆದುಕೊಂಡಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಅದು ಮೈಗೆ ಹತ್ತಿದ್ದು ಆ ರಾತ್ರಿ. ಆ ಪಾಠಕ್ಕೆ ದುಡ್ಡು ಕೊಟ್ಟವರು ಯಾರು? ಮೇಷ್ಟ್ರು. ತಮ್ಮ ನಿದ್ದೆಯಿಂದ, ತಮ್ಮ ಹೆಸರಿನಿಂದ.

ಮೇಷ್ಟ್ರಿಗೆ ಈ ಗುಣ ಎಲ್ಲಿಂದ ಬಂತು ಅಂತ ಬಹಳ ಸಲ ಯೋಚಿಸಿದ್ದೇನೆ. ಸ್ವಭಾವ ಒಂದು, ಅದು ಇದ್ದೇ ಇತ್ತು. ಇನ್ನೊಂದು, ಅವರು ಕಲಿತ ಜಾಗ. ಎಚ್‌ಎಂಟಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ತಾಂತ್ರಿಕ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು. ಲೇತು ತಯಾರಿಸುವ ಕಾರ್ಖಾನೆಗೆ ಲೇತು ಗೊತ್ತಿರುವ ಜನ ಎಲ್ಲಿ ಸಿಗಬೇಕು? ಹುಡುಗರನ್ನು ತಗೊಂಡು ಅವರೇ ತಯಾರು ಮಾಡಿಕೊಂಡರು. ಅಪ್ರೆಂಟಿಸ್‌ಗಳ ತರಬೇತಿಗೇ ಅಂತ ಬೇರೆ ವ್ಯವಸ್ಥೆ, ಅದಕ್ಕೇ ಅಂತ ಇರುವ ಮೇಷ್ಟ್ರುಗಳು, ಹುಡುಗರು ಕೆಡಿಸಲೆಂದೇ ಬೇರೆ ಕಬ್ಬಿಣ. ನಮ್ಮ ಮೇಷ್ಟ್ರು ಹೇಳುತ್ತಿದ್ದದ್ದು ಇದನ್ನೇ. ಜಾಲಹಳ್ಳಿಯ ಸುತ್ತಮುತ್ತ ಒಂದು ಕಾಲಕ್ಕೆ ಮನೆಯಲ್ಲೊಬ್ಬ ಎಚ್‌ಎಂಟಿ ಅಪ್ರೆಂಟಿಸ್ ಇದ್ದರೆ ಹೆಣ್ಣು ಕೊಡುವವರು ಮುಂದೆ ಬರುತ್ತಿದ್ದರಂತೆ.

ಪೀಣ್ಯದ ನಮ್ಮ ಬೀದಿಯಲ್ಲಿ ನಾನು ಕಂಡ ಎಷ್ಟೋ ಶಾಪ್‌ಗಳನ್ನು ಕಟ್ಟಿದವರು, ನಡೆಸಿದವರು ಹೀಗೆ ದೊಡ್ಡ ಸರ್ಕಾರಿ ಕಾರ್ಖಾನೆಗಳಲ್ಲಿ ಕಲಿತು ಹೊರಗೆ ಬಂದವರೇ. ಕಲಿಸುವ ಖರ್ಚು ದೊಡ್ಡವರು ಹಾಕಿದ್ದರು, ಫಲ ನಮ್ಮಂಥ ಸಣ್ಣ ಜಾಗಗಳಿಗೂ ಬಂತು. ಈಗ ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚಿದೆ, ಮಷೀನ್ ಟೂಲ್ಸ್ ಸೊರಗಿದೆ. ಆ ಪೀಳಿಗೆಯ ಮೇಷ್ಟ್ರುಗಳು ರಿಟೈರ್ ಆಗಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ಹುಡುಗರು ಸಿಗುತ್ತಿಲ್ಲ ಅಂತ ಪೀಣ್ಯದ ಓನರ್‌ಗಳು ಬೇಜಾರು ಮಾಡಿಕೊಳ್ಳುತ್ತಾರೆ. ಕಲಿಸುವವರು ಕಡಿಮೆಯಾಗಿದ್ದು ಮೊದಲು, ಕಲಿತ ಹುಡುಗರು ಸಿಗದೆ ಹೋಗಿದ್ದು ಆಮೇಲೆ ಅನ್ನುವುದು ನನ್ನ ಅನುಭವ.

ಕೆಲವು ವರ್ಷದ ಹಿಂದೆ ನಮ್ಮಲ್ಲಿಗೆ ಹೊಸ ವೈರ್ ಕಟ್ ಮಷೀನ್ ಬಂತು. ಅದನ್ನು ಕೂರಿಸಿ ಕೊಡಲು ಸ್ವಿಟ್ಜರ್ಲೆಂಡಿನಿಂದ ಒಬ್ಬ ಎಂಜಿನಿಯರ್ ಬಂದಿದ್ದರು, ಐವತ್ತು ದಾಟಿದವರು. ಮಧ್ಯಾಹ್ನ ಊಟಕ್ಕೆ ಕೂತಾಗ ತಾನು 16 ವರ್ಷಕ್ಕೇ ಫ್ಯಾಕ್ಟರಿ ಸೇರಿದೆ ಅಂದರು. ಪಾಪ ಅನ್ನಿಸಿತು. ಮನೆಯಲ್ಲಿ ಕಷ್ಟ ಇತ್ತಾ ಅಂತ ಕೇಳಿಬಿಟ್ಟೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರ ಅಪ್ಪ ಸ್ಕೂಲು ಮೇಷ್ಟ್ರು. ಮನೆಯಲ್ಲಿ ಎಲ್ಲ ಇತ್ತು. ಆ ದೇಶದಲ್ಲಿ ಕಡ್ಡಾಯ ಶಾಲೆ ಮುಗಿಸಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹೋಗುವುದೇ ಈ ದಾರಿಯಲ್ಲಿ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ ಕೆಲಸ, ಒಂದೆರಡು ದಿನ ಶಾಲೆ, ಸಾಮಾನ್ಯವಾಗಿ ಮೂರು ನಾಲ್ಕು ವರ್ಷ. ಕೈಗೆ ಸಂಬಳವೂ ಬರುತ್ತದೆ. ಫ್ಯಾಕ್ಟರಿ ಕೆಲಸ ಮಾತ್ರ ಅಲ್ಲ, ಬ್ಯಾಂಕು, ಬೇಕರಿ, ಆಸ್ಪತ್ರೆ ಎಲ್ಲದಕ್ಕೂ ಹೀಗೇ. ಅದರ ಜೊತೆಗೇ, ವೃತ್ತಿ ಕಲಿಯುವವರಿಗೆ ಅಂತಲೇ ಇರುವ ಕಾಲೇಜು ಪ್ರವೇಶದ ಪರೀಕ್ಷೆ ಪಾಸು ಮಾಡಿಕೊಂಡರೆ ಮುಂದೆ ಕಾಲೇಜಿನ ಬಾಗಿಲೂ ತೆರೆದಿರುತ್ತದೆ. ಅವರು ಹಾಗೇ ಎಂಜಿನಿಯರ್ ಆದವರು.

ಅವರು ಹೇಳಿದ ಎರಡು ವಿಷಯ ನನ್ನ ತಲೆಯಲ್ಲಿ ಉಳಿದಿದೆ. ಒಂದು, ಸೇರುವ ಮುಂಚೆ ಮಕ್ಕಳು ಕೆಲವು ದಿನ ಕಂಪನಿಗೆ ಬಂದು ಕೆಲಸ ಹೇಗಿರುತ್ತದೆ ಅಂತ ನೋಡುತ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ಶ್ನುಪ್ಪರ್‌ಲೇರೆ ಅನ್ನುತ್ತಾರೆ. ಮೂಸಿ ನೋಡುವ ಕಲಿಕೆ ಅಂತ ಅರ್ಥ. ಸಂತೆಯಲ್ಲಿ ಹಲಸಿನ ಹಣ್ಣು ಮೂಸಿ ನೋಡಿ ತಗೊಳ್ಳುವುದಿಲ್ವಾ, ಹಾಗೆ. ಹಿಡಿಸದಿದ್ದರೆ ಬೇರೆ ಕೆಲಸ ನೋಡಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನೊಂದು, ಕಂಪನಿಯಲ್ಲಿ ಅಪ್ರೆಂಟಿಸ್‌ಗಳಿಗೆ ಕಲಿಸುವ ಹೊಣೆ ಹೊತ್ತವರು ಹೇಗೆ ಕಲಿಸಬೇಕು ಅನ್ನುವುದಕ್ಕೇ ಕನಿಷ್ಠ 40 ಗಂಟೆಯ ಕೋರ್ಸ್ ಮಾಡಿರಬೇಕು. ನಾನು ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದೇನೆ. ನನಗೆ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಮೇಷ್ಟ್ರನ್ನು ನೋಡಿ ಕಲಿತದ್ದು ಅಷ್ಟೇ. ಮೇಷ್ಟ್ರು ಸಿಗದೇ ಇದ್ದಿದ್ದರೆ ಆ ಮೊದಲ ಕಾರ್ಖಾನೆಯವರ ಥರವೇ ನಾನೂ "ಆ ಕಡೆ ಹೋಗು" ಅನ್ನುತ್ತಿದ್ದೆನೇನೋ.

16 ವರ್ಷಕ್ಕೆ ಕೆಲಸದ ಜಾಗಕ್ಕೆ ಹೋಗುವುದು ಅಂದರೆ ನಮ್ಮಲ್ಲಿ ಬಡತನ ಅಂತಲೇ ಅರ್ಥ. ನಾನೂ ಹಾಗೇ ಅಂದುಕೊಂಡೆನಲ್ಲ, ಅದಕ್ಕೆ ಕಾರಣ ಇದೆ. ನಮ್ಮೂರಿನಲ್ಲಿ ಶಾಲೆ ಬಿಟ್ಟು ಗ್ಯಾರೇಜು, ಹೋಟೆಲು ಸೇರಿದ ಮಕ್ಕಳು ಇಷ್ಟಪಟ್ಟು ಹೋದವರಲ್ಲ. ಆದ್ದರಿಂದ ಕಾನೂನು ಬಿಗಿಯಾಗಿರುವುದು ಒಳ್ಳೆಯದೇ. 14 ತುಂಬದವರು ಅಪ್ರೆಂಟಿಸ್ ಆಗುವ ಹಾಗಿಲ್ಲ. ಅಪಾಯದ ಕೆಲಸಕ್ಕೆ 18 ಆಗಿರಬೇಕು. ನಾನು ಇದನ್ನು ಒಂದಿಷ್ಟೂ ಸಡಿಲ ಮಾಡಬಾರದು ಅನ್ನುವವನು. ಪ್ರೆಸ್ ಮಷೀನಿನಲ್ಲಿ ಬೆರಳು ಕಳೆದುಕೊಂಡವರ ಜೊತೆ ಕೂತು ಊಟ ಮಾಡಿದ್ದೇನೆ.

ಶಾಲೆ ಕಡೆಯಿಂದಲೂ ಪ್ರಯತ್ನ ನಡೆದಿದೆ. ಪಿಯುಸಿಯಲ್ಲಿ ಜೆಒಸಿ ಅಂತ ಉದ್ಯೋಗದ ಕೋರ್ಸುಗಳಿದ್ದವು, ನಮ್ಮ ಕಾಲದವರಿಗೆ ನೆನಪಿರುತ್ತದೆ. ಅವು ಮುಚ್ಚಿದವು. ಈಗ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಎನ್‌ಎಸ್‌ಕ್ಯೂಎಫ್ ಅನ್ನುವ ವೃತ್ತಿ ಕಲಿಕೆಯ ವಿಷಯಗಳಿವೆ. ಆಟೊಮೊಬೈಲ್, ಐಟಿ, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಇತ್ಯಾದಿ. ತೃತೀಯ ಭಾಷೆಯ ಬದಲು ಮಕ್ಕಳು ಇದನ್ನು ತಗೊಂಡು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯುತ್ತಾರೆ. ನಮ್ಮಲ್ಲಿಗೆ ಬಂದಿದ್ದವರು ಆಟೊಮೊಬೈಲ್ ಮಕ್ಕಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗಿಲ್ಲದ ದಿನ ಅಂತ ಇಟ್ಟು, ಬಡಗಿ, ತೋಟಗಾರ, ಕುಂಬಾರರಂಥವರ ಹತ್ತಿರ ಕಲಿಯಲಿ ಅಂದಿದ್ದಾರೆ. ನಮ್ಮ ದೇಶದಲ್ಲಿ 19ರಿಂದ 24 ವರ್ಷದ ದುಡಿಯುವವರಲ್ಲಿ ಕ್ರಮಬದ್ಧ ವೃತ್ತಿ ಶಿಕ್ಷಣ ಪಡೆದವರು ನೂರಕ್ಕೆ 5 ಕ್ಕಿಂತ ಕಡಿಮೆ ಅನ್ನುವ ಹಳೆಯ ಅಂದಾಜೂ ಅದೇ ನೀತಿಯಲ್ಲಿದೆ. ಜರ್ಮನಿಯಲ್ಲಿ ಅದು 75.

ಉದ್ಯಮದ ಕಡೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 30 ಅಥವಾ ಹೆಚ್ಚು ಜನ ಇರುವ ಕಡೆ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ನಾವು 26 ಜನ, ನಮಗೆ ಕಡ್ಡಾಯವಿಲ್ಲ, ತಗೊಂಡರೆ ತಗೊಳ್ಳಬಹುದು. 2016ರಲ್ಲಿ ಶುರುವಾದ ಎನ್‌ಎಪಿಎಸ್ ಅನ್ನುವ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ, ಕಲಿಯುವವರಿಗೆ ಕೊಡುವ ಸ್ಟೈಫಂಡಿನ ಕಾಲು ಭಾಗವನ್ನು, ತಿಂಗಳಿಗೆ 1500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಕೊಡುತ್ತದೆ. ಒಳ್ಳೆಯದು. ಆದರೆ ಆ ದುಡ್ಡು ಸ್ಟೈಫಂಡಿಗೆ. ಕಲಿಸಲು ಕೂತವನ ಒಂದು ಗಂಟೆ, ಆ ಗಂಟೆಯಲ್ಲಿ ನಿಂತ ಮಷೀನು, ಕೆಟ್ಟ ಒಂದು ಡಿ2 ಪ್ಲೇಟು, ಇವು ಅದರಲ್ಲಿ ಬರುವುದಿಲ್ಲ. ನಮ್ಮಂಥ ಶಾಪ್ ನಡೆಯುವುದೇ ಒಂದೊಂದು ಜಾಬಿನ ಮೇಲೆ ಉಳಿಯುವ ಸಣ್ಣ ಮೊತ್ತದಿಂದ. ಒಂದು ಪ್ಲೇಟು ಹೋದರೆ ಆ ಜಾಬಿನ ಲಾಭ ಹೋಯಿತು. ಓನರ್ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಹೊಸ ಹುಡುಗನ ಕೈಗೆ ಮಷೀನ್ ಕೊಡಲು ಹೆದರುತ್ತಾರೆ. ಹುಡುಗ ಪೊರಕೆ ಹಿಡಿಯುತ್ತಾನೆ. ಆರು ತಿಂಗಳಿಗೆ ಬೇಜಾರಾಗಿ ಡೆಲಿವರಿ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಕೆಡಿಸಲು ಏನೂ ಇಲ್ಲ, ಮೊದಲ ದಿನದಿಂದಲೇ ದುಡ್ಡು. ಅವನನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಮಕ್ಕಳು ಬಂದುಹೋದ ಮೇಲೆ ನಾನು ಓನರ್ ಹತ್ತಿರ ಕೂತು ಮಾತಾಡಿದೆ. ಹೈಸ್ಕೂಲ್ ಮಕ್ಕಳು ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ಬರಲಿ ಅಂದೆ. ಬೆಂಚ್ ಕೆಲಸ ಮಾತ್ರ. ಫೈಲಿಂಗ್, ಮಾರ್ಕಿಂಗ್, ವರ್ನಿಯರ್ ಹಿಡಿದು ಅಳೆಯುವುದು. ಯಾವ ಮಷೀನಿನ ಹತ್ತಿರವೂ ಬೇಡ. ಮನೆಯವರ ಒಪ್ಪಿಗೆ ಪತ್ರ, ಜೊತೆಗೆ ಒಬ್ಬ ಟೀಚರ್. ಓನರ್ ಕೇಳಿದ ಮೊದಲ ಪ್ರಶ್ನೆಯೂ ಅದೇ. "ಮೆಟೀರಿಯಲ್ ಎಷ್ಟು ಹೋಗುತ್ತೆ?"

ನಾನು ಲೆಕ್ಕ ಹಾಕಿಕೊಂಡೇ ಹೋಗಿದ್ದೆ. 12 ಮಿಲ್ಲಿಮೀಟರ್ ದಪ್ಪದ ಎಂಎಸ್ ಫ್ಲ್ಯಾಟ್, ಅಂದರೆ ಮೆತ್ತನೆ ಉಕ್ಕಿನ ಪಟ್ಟಿ, 50ಕ್ಕೆ 50 ಅಳತೆಯ ತುಂಡು. ಒಂದೊಂದು 235 ಗ್ರಾಂ. ಬಹಳಷ್ಟು ನಮ್ಮ ಕಟಿಂಗ್‌ನಲ್ಲಿ ಉಳಿಯುವ ತುಂಡುಗಳಿಂದಲೇ ಬರುತ್ತದೆ, ಹೇಗಿದ್ದರೂ ಗುಜರಿಗೆ ಹೋಗುವಂಥದ್ದು. ಓನರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ರಿಜೆಕ್ಷನ್ ಬುಕ್ಕಲ್ಲಿ ಬರೀಬೇಡಿ. ಬೇರೆ ಬುಕ್ ಇಡಿ" ಅಂದರು.

ನನಗೆ ಇದು ದೊಡ್ಡ ಮಾತಾಗಿ ಕೇಳಿಸಿತು. ಕೆಟ್ಟ ಮಾಲು ಬರೆದಿಡುವ ಆ ರಿಜೆಕ್ಷನ್ ಪುಸ್ತಕದಲ್ಲಿ ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು ಬರೆಯುವ ಜಾಗ ಇರುತ್ತದೆ. ಯಾರಿಂದ ಆಯಿತು ಅಂತ. ಹೊಸ ಪುಸ್ತಕ ತಂದಾಗ ಆ ಕಾಲಂ ಹಾಕಲಿಲ್ಲ. ತಾರೀಖು, ಎಷ್ಟು ತುಂಡು, ಎಷ್ಟು ಗ್ರಾಂ, ಅಷ್ಟೇ. ಮೇಲೆ "ಕಲಿಕೆ" ಅಂತ ಬರೆದೆ.

ಜನವರಿಯ ಎರಡನೇ ವಾರ ಶುರುವಾಯಿತು. ಎಂಟು ಮಕ್ಕಳು ಬಂದರು, ಅದರಲ್ಲಿ ಮೂವರು ಹುಡುಗಿಯರು. ಪ್ರಶ್ನೆ ಕೇಳಿದವಳೂ ಇದ್ದಳು. ನಮ್ಮ ಟೂಲ್ ರೂಮಿನಲ್ಲಿ ಹೆಣ್ಣುಮಕ್ಕಳು ಫೈಲ್ ಹಿಡಿದದ್ದು ಅದೇ ಮೊದಲು. ವೈಸ್ ಅವರ ಎತ್ತರಕ್ಕೆ ಸರಿಯಾಗಲಿಲ್ಲ, ಮೊಣಕೈ ಮಟ್ಟಕ್ಕೆ ಬರಬೇಕು. ಮರದ ಹಲಗೆ ಜೋಡಿಸಿ ಅದರ ಮೇಲೆ ನಿಲ್ಲಿಸಿದೆವು. ಬರೀ ಮುಂದಕ್ಕೆ ತಳ್ಳುವಾಗ ಒತ್ತಬೇಕು, ಹಿಂದಕ್ಕೆ ಬರುವಾಗ ಬಿಡಬೇಕು ಅಂತ ಹೇಳಿಕೊಡುವುದರಲ್ಲೇ ಮೊದಲ ಶನಿವಾರ ಕಳೆಯಿತು.

ಎರಡನೇ ಶನಿವಾರ ಅವಳು ಒಂದು ಮುಖ ಚೆನ್ನಾಗಿ ತಂದಳು. ಪಕ್ಕದ ಮುಖಕ್ಕೆ ಟ್ರೈ ಸ್ಕ್ವೇರ್ ಇಟ್ಟು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು. "ಬೆಳಕು ಬರ್ತೈತೆ ಸಾರ್" ಅಂದಳು. ಮತ್ತೆ ಉಜ್ಜಿದಳು. ಮತ್ತೆ ನೋಡಿದಳು. ಬೆಳಕು ಈಗ ಇನ್ನೊಂದು ಬದಿಯಿಂದ ಬರುತ್ತಿತ್ತು. ಹೀಗೆ ಆ ಕಡೆ ಈ ಕಡೆ ಉಜ್ಜುತ್ತಾ ಹೋಗಿ, ಕೊನೆಗೆ ಬೆಳಕು ನಿಂತಿತು. ವರ್ನಿಯರ್ ಹಾಕಿ ಅಳೆದಾಗ ತುಂಡು 48ಕ್ಕೆ ಇಳಿದಿತ್ತು. 49 ಇರಬೇಕಿತ್ತು.

"ಇದು ಹೋಯ್ತು ಸಾರ್" ಅಂತ ನನ್ನ ಮುಖ ನೋಡಿದಳು.

ನಾನು ಪುಸ್ತಕ ತೆಗೆದು ಅವಳ ಮುಂದೆಯೇ ಬರೆದೆ. ತಾರೀಖು, ಒಂದು ತುಂಡು, 235 ಗ್ರಾಂ. ಅವಳು ಬಗ್ಗಿ ಪೂರ್ತಿ ಓದಿದಳು. ಹಿಂದಿನ ವಾರದ ಸಾಲುಗಳನ್ನೂ ಓದಿದಳು. ಆಮೇಲೆ ಕೆಟ್ಟದ್ದನ್ನು ಡಬ್ಬಿಗೆ ಹಾಕಿ, ಬೆಂಚಿನ ಕೆಳಗಿನಿಂದ ಇನ್ನೊಂದು ತುಂಡು ತಗೊಂಡಳು. ಅಲ್ಲಿ ಇನ್ನೂ 31 ಇದ್ದವು.